ನಾಲ್ಕು ಅಡಿ ಮೇಲಕ್ಕೆ: ಕುಶಾಲನಗರದಲ್ಲಿ ನಮ್ಮ ಮನೆ ಎತ್ತಿಸಿದ್ದು

ನೆರೆ ನೀರು ಒಳಗೆ ಬರದಂತೆ ಜಾಕಿ ಕೊಟ್ಟು ಇಡೀ ಮನೆಯನ್ನೇ ಎತ್ತುವವರ ಕೆಲಸ ಹೇಗೆ, ಎಷ್ಟು ಖರ್ಚು, ನಂಬಬಹುದಾ ಅಂತ ನಮ್ಮ ಬಡಾವಣೆಯವರು ಕೇಳುತ್ತಲೇ ಇರುತ್ತಾರೆ. ಬಾಗಿಲಲ್ಲಿ ನಿಂತು ಹೇಳುವಾಗ ಪ್ರತಿ ಸಲ ಏನಾದರೊಂದು ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ. ಮನೆ ಎದ್ದು ನಿಂತ ಮೇಲೆ ಮೂರು ಮಳೆಗಾಲ ಕಳೆದಿದೆ, ಗೋಡೆ ಗಟ್ಟಿಯಾಗಿದೆ. ಮಾಡಿಸಬಹುದು. ಆದರೆ ಅವರು ಫೋನಿನಲ್ಲಿ ಹೇಳುವ ದುಡ್ಡಿಗೆ ಆಗುವುದಿಲ್ಲ, ಹೇಳಿದ ದಿನಕ್ಕೆ ಮುಗಿಯುವುದೂ ಇಲ್ಲ. ಇನ್ನೊಂದು ಸಂಗತಿ ಇದೆ, ಅದನ್ನು ಕೊನೆಗೆ ಹೇಳುತ್ತೇನೆ, ಅದು ದುಡ್ಡಿನ ವಿಷಯವಲ್ಲ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಯಜಮಾನರು ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಅವರ ದುಡಿಮೆ, ನನ್ನ ಹೊಲಿಗೆ, ಸ್ವಲ್ಪ ಸೊಸೈಟಿ ಸಾಲ ಎಲ್ಲ ಸೇರಿಸಿ 2008ರಲ್ಲಿ ನದಿ ಕಡೆಯ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು ತೆಗೆದುಕೊಂಡು 850 ಚದರಡಿಯ ಆರ್‌ಸಿಸಿ ಮನೆ ಕಟ್ಟಿದೆವು. ಸೈಟು ತೋರಿಸಿದವನು ಆಗ ಹೇಳಿದ್ದು ಒಂದೇ ಮಾತು: "ಅಕ್ಕ, ಕಾವೇರಿ ಗಾಳಿ ಮನೆಯೊಳಗೇ ಬರುತ್ತೆ." ಗಾಳಿ ಬಂತು. ಹತ್ತು ವರ್ಷ ಗಾಳಿ ಮಾತ್ರ ಬಂತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದು ಜನ ಸತ್ತ ಸುದ್ದಿ ಬರುತ್ತಿದ್ದಾಗ ನಾವು ಬಯಲಿನವರು, ನಮ್ಮ ತಲೆ ಮೇಲೆ ಗುಡ್ಡ ಇಲ್ಲವಲ್ಲ ಅಂತ ಧೈರ್ಯವಾಗಿದ್ದೆವು. ಕಾವೇರಿ ಏರತೊಡಗಿದಾಗಲೂ ನೀರು ಮುಂಬಾಗಿಲಿಂದ ಬರುತ್ತದೆ ಅಂತಲೇ ನಾನು ನಂಬಿದ್ದು, ಮರಳಿನ ಮೂಟೆ ಅಲ್ಲಿ ಇಟ್ಟಿದ್ದೆ. ಅದು ಬಚ್ಚಲಿನ ತೂತಿನಿಂದ ಬಂತು. ಮೊದಲು ಗುಳುಗುಳು ಸದ್ದು, ಆಮೇಲೆ ಕಪ್ಪು ನೀರು. ಒಂದು ಗಂಟೆಯಲ್ಲಿ ಮೊಣಕಾಲು ದಾಟಿತು. ಸಾಯಿ ಬಡಾವಣೆ, ಕುವೆಂಪು ಬಡಾವಣೆ, ನಮ್ಮದು, ಎಲ್ಲಾ ಒಂದೇ ಕೆರೆ.

ಮರು ವರ್ಷ ಅದೇ ಆಶ್ಲೇಷ ಮಳೆ. 2019ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 9, ಶುಕ್ರವಾರ. ಹಬ್ಬಕ್ಕೆ ಅಂತ ಊರಿನ ಹೆಂಗಸರು ಕೊಟ್ಟ ರವಿಕೆಗಳು, ನಲವತ್ತರ ಹತ್ತಿರ, ಹುಕ್ಸ್ ಹಾಕಿ ಇಸ್ತ್ರಿ ಮಾಡಿ ನೇತುಹಾಕಿದ್ದೆ. ಮೇಲಿನ ಸಾಲು ಉಳಿಯಿತು. ಕೆಳಗಿನ ಸಾಲಿನ ರೇಷ್ಮೆಗೆ ಕೆಸರಿನ ಬಣ್ಣ ಕಚ್ಚಿತು, ಓವರ್‌ಲಾಕ್ ಯಂತ್ರದ ಮೋಟಾರು ಹೋಯಿತು. ಸರ್ಕಾರದಿಂದ ತುರ್ತಿಗೆ ಹತ್ತು ಸಾವಿರ ಬಂತು, ಅದು ಬಟ್ಟೆ ಕೊಟ್ಟವರ ಋಣಕ್ಕೇ ಸಾಲಲಿಲ್ಲ. ನೀರು ಇಳಿದ ಮೇಲೆ ಗೋಡೆಯ ಕಲೆಗೆ ಟೇಪು ಹಿಡಿದು ಎರಡು ಮೊಳೆ ಹೊಡೆದೆ. 2018ರದ್ದು ನೆಲದಿಂದ 26 ಇಂಚು, 2019ರದ್ದು 38 ಇಂಚು.

ಪಕ್ಕದಲ್ಲಿ ಒಂದು ಹಳೇ ಹೆಂಚಿನ ಮನೆ ಇದೆ. ಬಡಾವಣೆ ಆಗುವ ಮೊದಲಿನದು. ಅಲ್ಲಿ ಅಜ್ಜಿಯೊಬ್ಬರೇ ಇದ್ದಾರೆ. ಇಲ್ಲಿದ್ದ ಗದ್ದೆಯನ್ನು ಉಳುತ್ತಿದ್ದದ್ದು ಅವರ ಮನೆಯವರೇ. ಅಜ್ಜಿಯ ಮಾವ ಗದ್ದೆ ಪಕ್ಕದ ದಿಣ್ಣೆ ನೋಡಿ, ನೀರು ಹತ್ತದ ಜಾಗ ಅಂತಲೇ ಆರಿಸಿ ಮನೆ ಕಟ್ಟಿದ್ದರಂತೆ. "ಇದು ನೀರು ಮಲಗೋ ಜಾಗ ಕಣವ್ವ, ನೀವು ಬಂದು ಅದರ ಹಾಸಿಗೆ ಮೇಲೆ ಮನೆ ಕಟ್ಟಿದ್ರಿ" ಅಂತ ಅಜ್ಜಿ ಒಮ್ಮೆ ಹೇಳಿದರು. ಬೈದು ಹೇಳಿದ್ದಲ್ಲ, ಸೊಪ್ಪು ಬಿಡಿಸುತ್ತಾ ಹೇಳಿದ್ದು. ಸುತ್ತ ಸೈಟುಗಳಿಗೆಲ್ಲ ಟಿಪ್ಪರ್ ಮಣ್ಣು ಹೊಡೆದು ಎತ್ತರಿಸಿದರು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟ್ ಬಿತ್ತು. ಹಳೇದನ್ನು ಕೆತ್ತಿ ಹಾಕುವವರು ಯಾರೂ ಇಲ್ಲ. ನಮ್ಮ ಮನೆ ಕಟ್ಟಿದಾಗ ನೆಲ ರಸ್ತೆಗಿಂತ ಒಂದೂವರೆ ಅಡಿ ಎತ್ತರವಿತ್ತು, 2021ರಲ್ಲಿ ಅಳೆದರೆ ಒಂಬತ್ತೇ ಇಂಚು. ದಿಣ್ಣೆ ಮೇಲಿದ್ದ ಅಜ್ಜಿಯ ಮನೆ ಈಗ ಇಡೀ ಬೀದಿಗೇ ತಗ್ಗು.

ಮಾರೋಣ ಅಂದರೆ ಗಿರಾಕಿಗಳು ಮೊದಲು ಕೇಳುವುದೇ ನೀರಿನ ಗುರುತು ಎಲ್ಲಿಯ ತನಕ ಅಂತ. ಕೆಡವಿ ಕಟ್ಟಲು ಮೇಸ್ತ್ರಿ ಹದಿನಾರು ಲಕ್ಷ ಹೇಳಿದರು. ಆಗ ಮಗ ಮೊಬೈಲಿನಲ್ಲಿ ಈ ಮನೆ ಎತ್ತುವವರನ್ನು ಹುಡುಕಿದ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಹೇಳಬೇಕಾಗಿದೆ. ಉತ್ತರ ಭಾರತದ ಕಡೆಯಿಂದ ಬಂದ ತಂಡ, ಹನ್ನೊಂದು ಜನ. ಬೆಂಗಳೂರಿನಲ್ಲಿ ಕೂತು ಒಪ್ಪಂದ ಮಾಡುವ ಏಜೆಂಟ್ ಒಬ್ಬ. ನಾಲ್ಕು ಅಡಿಗೆ ಚದರಡಿಗೆ 320 ರೂಪಾಯಿ, ಮೂವತ್ತು ದಿನ. ಒಟ್ಟು 2,72,000. ಮೂರು ಅಡಿ ಸಾಕು ಅಂದ ಏಜೆಂಟ್. ನಾನು ಮೊಳೆ ತೋರಿಸಿದೆ. 38 ಇಂಚಿಗೆ ಮೂರು ಅಡಿ ಎಲ್ಲಿ ಸಾಕು? ನಾಲ್ಕು ಅಡಿ ಎಂದರೆ 48, ಹತ್ತು ಇಂಚು ಕೈಯಲ್ಲಿರುತ್ತದೆ. ಬಟ್ಟೆಯಲ್ಲೂ ಮುಂದೆ ಬಿಡಿಸಲು ಒಳಗೆ ಇಷ್ಟು ಬಿಟ್ಟೇ ಹೊಲಿಯುವುದು.

2022ರ ಫೆಬ್ರವರಿ ಮೊದಲ ವಾರ ಕೆಲಸ ಶುರುವಾಯಿತು. ನಾವು ರಥಬೀದಿ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಗೋಡೆಗಳ ಪಕ್ಕ ಒಳಗೂ ಹೊರಗೂ ಚರಂಡಿಯಂತೆ ಅಗೆದರು. ಮೊದಲ ಎರಡು ಅಡಿ ಕೆಂಪು ಮಣ್ಣು, ಟಿಪ್ಪರಿನಲ್ಲಿ ಬಂದದ್ದು. ಅದರ ಕೆಳಗೆ ಕಪ್ಪು ಜೇಡಿ, ಹಿಡಿದರೆ ಬೆಣ್ಣೆಯಂತೆ ಬೆರಳಿಗೆ ಮೆತ್ತಿಕೊಳ್ಳುವ ಮಣ್ಣು. ಅದರೊಳಗೆ ಬಿಳಿಚಿಕೊಂಡ ಸಣ್ಣ ಸಣ್ಣ ಬಸವನಹುಳದ ಚಿಪ್ಪುಗಳು. ಹದಿನಾಲ್ಕು ವರ್ಷ ನಾನು ಗದ್ದೆಯ ಮೇಲೆಯೇ ಕೂತು ಹೊಲಿದಿದ್ದೆ. ಕಾಗದದಲ್ಲಿ ಭೂ ಪರಿವರ್ತನೆ ಆಗಿತ್ತು, ಮಣ್ಣು ಗದ್ದೆಯಾಗಿಯೇ ಇತ್ತು. ಅಜ್ಜಿ ಬಂದು ಒಂದು ಮುದ್ದೆ ಮಣ್ಣು ತೆಗೆದುಕೊಂಡು ಮೂಸಿ ನೋಡಿದರು. ಏನೂ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋದರು.

ಕೆಲಸದ ಕ್ರಮ ಹೀಗಿದೆ. ಪ್ಲಿಂತ್ ಬೀಮ್, ಅಂದರೆ ಪಾಯದ ಮೇಲೆ ಗೋಡೆಯ ಅಡಿಗೆ ಹಾಕುವ ಕಾಂಕ್ರೀಟ್ ತೊಲೆ, ಅದರ ಕೆಳಗೆ ಒಂದೂವರೆ ಅಡಿಗೆ ಒಂದರಂತೆ ಸೈಜುಗಲ್ಲಿನ ಪಾಯದಲ್ಲಿ ತೂತು ಮಾಡಿ ಜಾಕಿ ಕೂರಿಸುತ್ತಾರೆ, ಲಾರಿಗೆ ಹಾಕುವಂಥ ತಿರುಪಿನ ಜಾಕಿ. ನಮ್ಮ ಮನೆಗೆ 156 ಹಿಡಿಯಿತು. ಗೋಡೆಯುದ್ದಕ್ಕೂ ಕಬ್ಬಿಣದ ಚಾನೆಲ್ ಕೊಟ್ಟು, ಭಾರವೆಲ್ಲ ಜಾಕಿಗಳ ಮೇಲೆ ಬಂದ ಮೇಲೆ ಉಳಿದ ಕಲ್ಲನ್ನು ಬಿಡಿಸಿ ಗೋಡೆಯನ್ನು ಪಾಯದಿಂದ ಬೇರೆ ಮಾಡುತ್ತಾರೆ. ಆಮೇಲೆ ಮುಖ್ಯ ಮೇಸ್ತ್ರಿ ಕೂಗು ಹಾಕಿದಾಗ ಎಲ್ಲರೂ ಒಟ್ಟಿಗೆ ಅಷ್ಟೇ ಅಷ್ಟು ತಿರುಗಿಸಬೇಕು, ಪಕ್ಕದ ಜಾಕಿಗೆ ಸರಿಯಬೇಕು, ಮತ್ತೆ ಕೂಗು. ದಿನಕ್ಕೆ ನಾಲ್ಕೈದು ಇಂಚು. ಎದ್ದ ಮೇಲೆ ಕೆಳಗೆ ಇಟ್ಟಿಗೆ ಕಟ್ಟುತ್ತಾ ಒಂದೊಂದೇ ಜಾಕಿ ತೆಗೆದು ಆ ಸಂದಿಗೆ ಕಾಂಕ್ರೀಟ್ ತುಂಬುತ್ತಾರೆ.

ಗೋಡೆ ಬಿಟ್ಟ ಮೊದಲ ದಿನ ನಾನು ಅಲ್ಲೇ ಇದ್ದೆ. ದೊಡ್ಡ ಸದ್ದೇನೂ ಇಲ್ಲ. ಒಣಗಿದ ಬಾಗಿಲು ತೆಗೆದಾಗಿನಂಥ ಒಂದು ಕಿರುಕು ಸದ್ದು, ಸುಣ್ಣದ ಚಕ್ಕೆ ಉದುರಿದವು. ಬಗ್ಗಿ ನೋಡಿದರೆ ಪಾಯಕ್ಕೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಜಾಗ, ಅದರಲ್ಲಿ ಆ ಕಡೆಯ ಬೆಳಕು. ನಾಲ್ಕನೇ ದಿನ ಅಜ್ಜಿಯ ಕೋಳಿ ಆ ಕಡೆಯಿಂದ ಈ ಕಡೆಗೆ ನಮ್ಮ ಮನೆಯ ಅಡಿಯಲ್ಲೇ ನಡೆದು ಬಂತು. ಅಡುಗೆಮನೆ ಕಿಟಕಿಯ ಮೇಲೆ ತುಂಬಿಟ್ಟಿದ್ದ ಲೋಟದ ನೀರು ತುಳುಕಿರಲಿಲ್ಲ. ಆ ಹನ್ನೊಂದು ಜನರ ಕೈ ಕೆಲಸಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ನನ್ನ ಭಾಷೆ ಅವರಿಗೆ ಬರದು, ಅವರದ್ದು ನನಗೆ ಬರದು, ಆದರೆ ಅಳತೆ ಇಬ್ಬರಿಗೂ ಗೊತ್ತಿತ್ತು.

ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಒಂದು ಹಾಳೆಗೆ "ಮನೆ" ಅಂತ ಹೆಸರು ಬರೆದು, ದಿನಾ ಸಂಜೆ ನಾಲ್ಕು ಮೂಲೆಗೂ ಟೇಪು ಹಿಡಿದು ಬರೆಯುತ್ತಿದ್ದೆ. ಏಳನೇ ದಿನ ಮೂರು ಮೂಲೆ 29 ಇಂಚು, ಅಡುಗೆಮನೆ ಮೂಲೆ 28 ಕಾಲು. ಮೇಸ್ತ್ರಿಗೆ ತೋರಿಸಿದೆ. "ಠೀಕ್ ಹೈ ಅಮ್ಮಾಜಿ" ಅಂದ. ನಾನು ಬಿಡಲಿಲ್ಲ, ಪುಸ್ತಕ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಕೊನೆಗೆ ನೀರು ತುಂಬಿದ ಪೈಪು ತಂದು ಮಟ್ಟ ನೋಡಿದ, ಮುಖ ಬದಲಾಯಿತು. ಆ ಮೂಲೆಯಲ್ಲಿ ಜೇಡಿ ಮೆತ್ತಗಿದ್ದು, ಜಾಕಿ ಮೇಲಕ್ಕೆ ತಳ್ಳುವ ಬದಲು ತಾನೇ ಕೆಳಗಿಳಿಯುತ್ತಿತ್ತು. ಅಗೆದು, ಜಲ್ಲಿ ಕುಟ್ಟಿ, ದಪ್ಪ ಹಲಗೆ ಕೊಟ್ಟು ಮತ್ತೆ ಕೂರಿಸಿದರು. ಅಷ್ಟರಲ್ಲಿ ಅಡುಗೆ ಕಟ್ಟೆಯ ಮೇಲಿನ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕು ಬಿಟ್ಟಾಗಿತ್ತು. ಈಗ ಪಟ್ಟಿ ಹಾಕಿ ಮುಚ್ಚಿದ್ದೇವೆ, ಬೆಳೆದಿಲ್ಲ. ಮಣ್ಣಿನ ಗಟ್ಟಿತನ ಮೊದಲೇ ನೋಡಬೇಕಿತ್ತು. ಆದರೆ ಏಜೆಂಟ್ ಸೈಟಿಗೆ ಬಂದಿರಲೇ ಇಲ್ಲ, ಫೋಟೋ ನೋಡಿ ದರ ಹೇಳಿದ್ದ. ಮಾಡಿಸುವವರು ಇದೊಂದಕ್ಕೆ ಪಟ್ಟು ಹಿಡಿಯಿರಿ: ಯಾರಾದರೂ ಬಂದು ನಾಲ್ಕು ಕಡೆ ಗುಂಡಿ ತೋಡಿ ನೋಡದೆ ಮುಂಗಡ ಕೊಡಬೇಡಿ.

ನನಗೆ ಇನ್ನೂ ಸಿಟ್ಟು ಬರುವುದು ಅದರ ಮುಂದಿನದಕ್ಕೆ. ಮಾರ್ಚ್ ಎರಡನೇ ವಾರ, ಮನೆ ಪೂರ್ತಿ ಜಾಕಿಗಳ ಮೇಲೆ ನಿಂತಿದ್ದಾಗ, ಏಜೆಂಟ್ ಎಂಟು ಜನರನ್ನು ಬೇರೆ ಊರಿನ ಕೆಲಸಕ್ಕೆ ಎಳೆದುಕೊಂಡ. ಎರಡು ದಿನ ಅಂದದ್ದು ಒಂಬತ್ತು ದಿನವಾಯಿತು. ಉಳಿದ ಮೂವರು ಏನು ಮಾಡಿಯಾರು? ಅದೇ ವಾರ ಹೂ ಮಳೆ ಬಂತು. ಕೊಡಗಿನಲ್ಲಿ ಹೂ ಮಳೆ ಅಂದರೆ ತೋಟದವರು ಕಾದು ಕೂತಿರುವ ಮಳೆ, ಕಾಫಿ ಹೂವು ಅರಳುವುದೇ ಅದಕ್ಕೆ. ಯಜಮಾನರು ಜೀವಮಾನವಿಡೀ ಆ ಮಳೆ ಬಂದ ದಿನ ಸಿಹಿ ತಂದವರು. ಆ ರಾತ್ರಿ ಇಬ್ಬರೂ ಟಾರ್ಚ್ ಹಿಡಿದು ಓಡಿಬಂದು, ಅಗೆದ ಗುಂಡಿಗಳಲ್ಲಿ ನಿಂತ ನೀರನ್ನು ಬಾಡಿಗೆ ಮೋಟಾರಿನಿಂದ ಬೆಳಗಿನ ಜಾವ ಮೂರು ಗಂಟೆಯ ತನಕ ಹೊರಗೆ ಹಾಕಿದೆವು. ಆ ಮೂವರು ಹುಡುಗರು ನೀರಿನಲ್ಲೇ ಕೂತು ಪ್ರತಿ ಜಾಕಿಯ ಅಡಿ ಹಲಗೆಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಅಜ್ಜಿ ಎರಡು ಸಲ ಬೆಲ್ಲದ ಕಾಫಿ ಮಾಡಿ ತಂದುಕೊಟ್ಟರು. ಏಜೆಂಟ್ ಫೋನ್ ಎತ್ತಲಿಲ್ಲ. ಮೂವತ್ತು ದಿನ ಅಂದ ಕೆಲಸ 51 ದಿನಕ್ಕೆ ಮುಗಿಯಿತು. ಮನೆ ಜಾಕಿಯ ಮೇಲಿರುವಾಗ ತಂಡ ಜಾಗ ಬಿಡಬಾರದು ಅಂತ ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ. ಕೊನೆಯ ಕಂತನ್ನು ಎಲ್ಲ ಮುಗಿಯುವ ತನಕ ಕೈಯಲ್ಲೇ ಇಟ್ಟುಕೊಳ್ಳಿ. ನಮ್ಮ ಹತ್ತಿರ ಐವತ್ತು ಸಾವಿರ ಉಳಿದಿದ್ದಕ್ಕೇ ಅವರು ವಾಪಸ್ ಬಂದರು ಅಂತ ನಾನು ನಂಬಿದ್ದೇನೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಫೋನಿನಲ್ಲಿ ಯಾರೂ ಹೇಳದ ವಿಷಯ ಏನೆಂದರೆ, ಗೋಡೆ ಮತ್ತು ತಾರಸಿ ಮಾತ್ರ ಏಳುತ್ತವೆ, ನೆಲ ಏಳುವುದಿಲ್ಲ. ಹಳೇ ನೆಲ ನಾಲ್ಕು ಅಡಿ ಕೆಳಗೇ ಉಳಿಯುತ್ತದೆ. ಒಳಗೆ ಮಣ್ಣು ತುಂಬಬೇಕು, ನೀರು ಹಾಕಿ ಕುಟ್ಟಬೇಕು, ಮತ್ತೆ ಟೈಲ್ಸ್ ಹಾಕಿಸಬೇಕು. ಮಣ್ಣಿಗೆ 54,000 ಹೋಯಿತು, ಹದಿನೆಂಟು ಲೋಡು. ನೆಲಕ್ಕೆ 94,000. ಮೆಟ್ಟಿಲು, ಬಚ್ಚಲ ಪೈಪು, ಕರೆಂಟು, ಕೆಳಗಿನ ಗೋಡೆಯ ಗಾರೆ ಎಲ್ಲ ಸೇರಿ 71,000. ಎರಡು ತಿಂಗಳ ಬಾಡಿಗೆ ಹತ್ತು ಸಾವಿರ. ಒಟ್ಟು 5,01,000. ಅಂದರೆ ಒಪ್ಪಂದದ ದುಡ್ಡಿಗೆ ಹತ್ತಿರ ಹತ್ತಿರ ಇಮ್ಮಡಿ. ಹದಿನಾರು ಲಕ್ಷಕ್ಕೆ ಹೋಲಿಸಿದರೆ ಕಡಿಮೆಯೇ, ನನಗೆ ಪಶ್ಚಾತ್ತಾಪವಿಲ್ಲ. ಟೈಲ್ಸನ್ನು ಮಾತ್ರ ಅವಸರದಲ್ಲಿ ಹಾಕಿಸಿ ತಪ್ಪು ಮಾಡಿದೆವು. ತುಂಬಿದ ಮಣ್ಣು ಒಂದು ಮಳೆಗಾಲ ಕೂತ ಮೇಲೆ ಹಾಕಿಸಬೇಕಿತ್ತು, ನಡುಮನೆಯ ಮಧ್ಯೆ ನಾಲ್ಕು ಟೈಲ್ಸ್ ಈಗ ತಗ್ಗಿವೆ.

ಮೊದಲಿಗೆ ಕೊನೆಗೆ ಹೇಳುತ್ತೇನೆ ಅಂದದ್ದು ಇದು. ನಾವು ಎದ್ದೆವು, ಬೀದಿ ಏಳಲಿಲ್ಲ. ರಸ್ತೆಯಿಂದ ನಮ್ಮ ಬಾಗಿಲಿಗೆ ಈಗ ಹತ್ತು ಮೆಟ್ಟಿಲು. ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೇ ಹೊಲಿಸುವ ಮಂಡಿನೋವಿನ ಹೆಂಗಸರು ಕೆಳಗೆ ನಿಂತು ಕೂಗುತ್ತಾರೆ, ನಾನು ಇಳಿದುಹೋಗಿ ಗೇಟಿನ ಹತ್ತಿರ ಅಳತೆ ತೆಗೆಯುತ್ತೇನೆ. ರಸ್ತೆಯಲ್ಲಿ ನಿಂತು ಎದೆ ಸುತ್ತಳತೆ ಕೊಡಲು ಯಾವ ಹೆಂಗಸಿಗೆ ಸಮಾಧಾನ ಇರುತ್ತದೆ? ಮೊದಲು ಅಡುಗೆಮನೆ ಕಿಟಕಿಯಿಂದ ಅಜ್ಜಿಯ ಕೈಗೆ ನೇರ ಪಲ್ಯದ ಬಟ್ಟಲು ಕೊಡುತ್ತಿದ್ದೆ. ಈಗ ಆ ಕಿಟಕಿಯಲ್ಲಿ ಕಾಣುವುದು ಅವರ ಮನೆಯ ಹೆಂಚು.

ನಮ್ಮ ತಾರಸಿ ನೀರು, ಎತ್ತರಿಸಿದ ಅಂಗಳದ ನೀರು ಅಜ್ಜಿಯ ಕಡೆಗೇ ಇಳಿಯುತ್ತಿತ್ತು. ಅದು ಕಣ್ಣಿಗೆ ಬಿದ್ದ ದಿನವೇ ಪೈಪು ತಿರುಗಿಸಿ ರಸ್ತೆ ಚರಂಡಿಗೆ ಬಿಟ್ಟೆವು. ಆದರೆ ಚರಂಡಿ ಎಲ್ಲಿಗೆ ಹೋಗುತ್ತದೆ? ಮೊದಲು ಗದ್ದೆಗಳ ನಡುವೆ ಒಂದು ತೋಡು ನದಿಗೆ ಸೇರುತ್ತಿತ್ತು. ಆ ಕಡೆಯ ಗದ್ದೆಯನ್ನು ಈಗ ನಮಗಿಂತ ಎತ್ತರಕ್ಕೆ ಮಣ್ಣು ತುಂಬಿ ಹೊಸ ಬಡಾವಣೆ ಮಾಡಿದ್ದಾರೆ. ತೋಡು ಒಂದು ಸಿಮೆಂಟು ಪೈಪಿನೊಳಗೆ ಸೇರಿಕೊಂಡಿದೆ, ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ. ಕುಶಾಲನಗರ ತಾಲ್ಲೂಕು ಕೇಂದ್ರವಾಗಿ ಬೆಳೆಯುತ್ತಿದೆ. ಬೆಟ್ಟದ ಮೇಲೆ ಮನೆ ಕಟ್ಟಲು ಹೆದರಿದವರು, ಮಕ್ಕಳ ಓದಿಗೆ ಬಂದವರು, ಎಲ್ಲರಿಗೂ ಸಮತಟ್ಟಾದ ಜಾಗ ಬೇಕು. ಕೊಡಗಿನಲ್ಲಿ ಸಮತಟ್ಟು ಅಂದರೆ ಗದ್ದೆ. ಬರುವವರನ್ನು ನಾನು ದೂರುವುದಿಲ್ಲ, ನಾವೂ ಹಾಗೇ ಬಂದವರು. ಆದರೆ ಪ್ರತಿಯೊಬ್ಬರೂ ಒಂದೊಂದು ಅಡಿ ಏರಿದ ಹಾಗೆ ನೀರು ಏರದವರ ಮನೆ ಹುಡುಕಿಕೊಂಡು ಹೋಗುತ್ತದೆ.

ಅಮೆರಿಕದ ಶಿಕಾಗೋ ಪಟ್ಟಣದಲ್ಲಿ 1850, 60ರ ದಶಕಗಳಲ್ಲೇ ಹೀಗೆ ತಿರುಪಿನ ಜಾಕಿ ಕೊಟ್ಟು ಕಟ್ಟಡಗಳನ್ನು ಎತ್ತಿದ್ದರಂತೆ, ಮಗ ತೋರಿಸಿದ. ಅಲ್ಲಿ ಚರಂಡಿಗೆ ಇಳಿಜಾರು ಸಿಗಲಿ ಅಂತ ರಸ್ತೆಗಳನ್ನೇ ಎತ್ತರಿಸಿ, ಒಳಚರಂಡಿ ಹಾಕಿ, ಅದಕ್ಕೆ ಸರಿಯಾಗಿ ಕಟ್ಟಡಗಳನ್ನು ಎತ್ತಿದರು. ಒಂದು ಊರು ಸೇರಿ ಮಾಡಿದ ಕೆಲಸ. ನಮ್ಮಲ್ಲಿ ಐದು ಲಕ್ಷ ಇದ್ದವರ ಮನೆ ಏಳುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು, ಪರೀಕ್ಷೆ ಆಗಲಿಲ್ಲ. 2024ರ ಜುಲೈ ಕೊನೆಯಲ್ಲಿ ಮತ್ತೆ ಆ ರಾತ್ರಿಗಳು ಬಂದವು. ನಾವು ಇಲ್ಲಿ ಮಲಗುವುದು ಮೇಲಿನ ಸುದ್ದಿ ಕೇಳಿಕೊಂಡೇ: ಭಾಗಮಂಡಲದಲ್ಲಿ ಸಂಗಮ ಮುಳುಗಿತಾ, ಕರಡಿಗೋಡಿಗೆ ನೀರು ಬಂತಾ, ಹಾರಂಗಿ ಅಣೆಕಟ್ಟು ತುಂಬುವ 2,859 ಅಡಿಗೆ ಎಷ್ಟು ಬಾಕಿ, ಹೊರಹರಿವು ಎಷ್ಟು. ಹಾರಂಗಿ ಹೊಳೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ, ನಮಗಿಂತ ಕೆಳಗೆ. ಅಣೆಕಟ್ಟಿನಿಂದ ನೀರು ಜೋರಾಗಿ ಬಿಟ್ಟರೆ ಇಲ್ಲಿ ಕಾವೇರಿ ಇಳಿಯದೆ ನಿಲ್ಲುತ್ತಾಳೆ ಅಂತ ಹಳಬರು ಹೇಳುತ್ತಾರೆ. ಆ ರಾತ್ರಿ ನಮ್ಮ ಮೊದಲ ಮೆಟ್ಟಿಲು ಮಾತ್ರ ನೆನೆಯಿತು. ಅಜ್ಜಿಯ ಅಂಗಳದಲ್ಲಿ ಪಾದ ಮುಳುಗುವಷ್ಟು ನಿಂತಿತು. ಯಜಮಾನರು ಹೋಗಿ ಕೈ ಹಿಡಿದು ಹತ್ತೂ ಮೆಟ್ಟಿಲು ಹತ್ತಿಸಿ ಕರೆತಂದರು. ಬಾಗಿಲಲ್ಲಿ ನಿಂತು ಅಜ್ಜಿ ತಮ್ಮ ಮನೆ ಕಡೆ ನೋಡಿದರು. "ಮಾವ ಇದ್ದಿದ್ರೆ ನಂಬ್ತಿರ್ಲಿಲ್ಲ" ಅಂದರು.

ಅವರ ಮನೆಯನ್ನೂ ಎತ್ತಬಹುದಾ ಅಂತ ಅದೇ ತಂಡದ ಮೇಸ್ತ್ರಿಗೆ ಮಗನ ಕೈಲಿ ಫೋನ್ ಮಾಡಿಸಿ, ಫೋಟೋ ಕಳಿಸಿದೆ. ಏಜೆಂಟನಿಗಲ್ಲ, ಮೇಸ್ತ್ರಿಗೇ. ಅವನು ನಿಜ ಹೇಳಿದ: ಮಣ್ಣಿನ ಗಾರೆಯ ಗೋಡೆ, ಕೆಳಗೆ ಬೀಮ್ ಇಲ್ಲ, ಜಾಕಿ ಕೊಟ್ಟರೆ ಗೋಡೆ ತಡೆಯುವುದಿಲ್ಲ, ಯಾರು ಒಪ್ಪಿಕೊಂಡರೂ ಮಾಡಿಸಬೇಡಿ. ನಾನು ಟೇಪು ಹಿಡಿದು ಅಳೆದಿದ್ದ 520 ಚದರಡಿಯ ಲೆಕ್ಕ ಪುಸ್ತಕದಲ್ಲಿ "ಮನೆ" ಹಾಳೆಯ ಪಕ್ಕದಲ್ಲೇ ಹಾಗೇ ಉಳಿದಿದೆ. ಈ ವರ್ಷ ಆಶ್ಲೇಷ ಮಳೆ ಹುಟ್ಟುವ ಮೊದಲೇ ಅವರ ಟ್ರಂಕು, ರೇಷನ್ ಕಾರ್ಡು, ದೇವರ ಪಟ, ಮಾವನ ಕಾಲದ ಭತ್ತ ಅಳೆಯುವ ಸೇರು ಎಲ್ಲವನ್ನೂ ತಂದು ನಮ್ಮ ಅಟ್ಟದ ಮೇಲೆ ಇಟ್ಟಿದ್ದೇವೆ. ಓವರ್‌ಲಾಕ್ ಯಂತ್ರ ಸರಿಸಿ, ಮುಂದಿನ ಕೋಣೆಯಲ್ಲಿ ಅಜ್ಜಿಗೆ ಒಂದು ಮಂಚ ಹಾಕಿದ್ದೇನೆ.